ಕೋರಸ್‌ಗೆ ಓಡುವ ಮುಂಚೆ ಆ ಟ್ರಂಪೆಟ್ ಕೇಳಿ

ಬೀಥೋವನ್‌ನ ಒಂಬತ್ತನೇ ಸಿಂಫನಿ ಹಾಕಿಕೊಂಡರೆ ಬಹಳ ಜನ ನೇರ ಕೊನೆಯ ಭಾಗದಲ್ಲಿ ಕೋರಸ್, ಅಂದರೆ ಹಾಡುಗಾರರ ದೊಡ್ಡ ಗುಂಪು, ಬರುವಲ್ಲಿಗೆ ಎಳೆದುಬಿಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಕೇಳಿದವನು. ನಿನ್ನೆ ರಾತ್ರಿ ಒಂದು ಕಛೇರಿಯ ವಿಡಿಯೊ ರೆಕಾರ್ಡಿಂಗನ್ನು ಒಂದು ನಿಮಿಷವೂ ಹಾರಿಸದೆ ಕೂತು ಕೇಳಿದೆ. ಮೊದಲು ಸಂಗೀತಕಾರ ಹೈಡನ್‌ನ ಟ್ರಂಪೆಟ್ ಕಾನ್ಚೆರ್ಟೊ, ಅಂದರೆ ಆರ್ಕೆಸ್ಟ್ರಾ ಜೊತೆ ಒಂದೇ ಟ್ರಂಪೆಟ್ ಮುಂದೆ ನಿಂತು ನುಡಿಯುವ ಕೃತಿ, ಆಮೇಲೆ ಒಂಬತ್ತನೆಯದು. ಈ ಜೋಡಿ ಮಾಡಿದವರಿಗೆ ಕೈ ಮುಗಿಯಬೇಕು.

1796ರಲ್ಲಿ ಹೈಡನ್ ಇದನ್ನು ಬರೆದಾಗ ಟ್ರಂಪೆಟ್‌ಗೆ ಇವತ್ತಿನ ಹಾಗೆ ಬೆರಳಲ್ಲಿ ಒತ್ತಿ ಸ್ವರ ಬದಲಿಸುವ ವಾಲ್ವ್‌ಗಳಿರಲಿಲ್ಲ. ಅದು ಬರೀ ಸುತ್ತಿದ ಕೊಳವೆ. ತುಟಿ ಬಿಗಿದು ಊದಿದಾಗ ಹೊರಟಷ್ಟೇ ಸ್ವರ. ಮೇಲಿನ ಸ್ಥಾಯಿಯಲ್ಲಿ ಸ್ವರಗಳು ಒತ್ತೊತ್ತಾಗಿ ಸಿಗುತ್ತವೆ. ಕೆಳಗಿಳಿದರೆ ಸ ಇದೆ, ಗ ಇದೆ, ಪ ಇದೆ, ನಡುವಿನ ರಿ ಇಲ್ಲ, ಮ ಇಲ್ಲ. ವಿಯೆನ್ನಾದ ಟ್ರಂಪೆಟ್ ವಾದಕ ಆಂಟನ್ ವೈಡಿಂಗರ್ ಹತ್ತಿರ ಬೇರೆ ಥರದ ವಾದ್ಯವಿತ್ತು. ಕೊಳವೆಗೆ ತೂತು ಕೊರೆದು, ಅದನ್ನು ತೆರೆದು ಮುಚ್ಚಲು ಕೀಲಿ ಕೂರಿಸಿದ್ದು. ಹೈಡನ್ ಬರೆದದ್ದು ಅವನಿಗಾಗಿ.

ಶುರುವಿನಲ್ಲಿ ಆರ್ಕೆಸ್ಟ್ರಾ ನುಡಿಯುವಾಗ ಟ್ರಂಪೆಟ್ ನಡುನಡುವೆ ಕೆಲವು ಸ್ವರ ಊದಿ ಸುಮ್ಮನಾಗುತ್ತದೆ. ಅವೆಲ್ಲ ಹಳೇ ಟ್ರಂಪೆಟ್‌ಗೂ ಸಿಗುವಂಥವೇ. ಆಮೇಲೆ ಅದರ ಸರದಿ. ಕೆಳಗಿನ ಸ್ಥಾಯಿಯಲ್ಲಿ, ಮೆತ್ತಗೆ, ಸ ರಿ ಗ. ಅಷ್ಟೇ. ಆ ರಿ ಕೇಳಿದಾಗ ನನಗೆ ಗಂಟಲು ಕಟ್ಟಿತು. 1800ರಲ್ಲಿ ಮೊದಲ ಸಲ ಕೇಳಿಸಿಕೊಂಡವರು ಏನಂದುಕೊಂಡಿರಬೇಕು! ಎರಡನೇ ಭಾಗದಲ್ಲಂತೂ ಆ ಕಹಳೆ ಹಾಡುತ್ತದೆ, ಮನುಷ್ಯರ ಹಾಗೆ.

ಬೀಥೋವನ್ ಇದೇ ಹೈಡನ್‌ನ ಶಿಷ್ಯ. ಅದೇ ವಿಯೆನ್ನಾ, 1824. ಆದರೂ ಒಂಬತ್ತನೇ ಸಿಂಫನಿಯ ಟ್ರಂಪೆಟ್‌ಗಳು ಮತ್ತೆ ಹಳೇ ಬರೀ ಕೊಳವೆಗಳು. ಕೊನೆಯ ಭಾಗ ಸಿಡಿದು ಶುರುವಾಗುತ್ತದಲ್ಲ, ಅಲ್ಲಿ ಗಮನಿಸಿ. ಮರದ ಊದುವಾದ್ಯಗಳು ಪೂರ್ತಿ ಸಾಲು ನುಡಿಸುತ್ತವೆ. ಟ್ರಂಪೆಟ್‌ಗಳು ತಮಗೆ ಸಿಗುವ ಸ್ವರ ಮಾತ್ರ ಊದಿ ಉಳಿದ ಕಡೆ ಬಾಯಿ ಕಟ್ಟಿದಂತೆ ನಿಲ್ಲುತ್ತವೆ. ಮುಂದೆ ಸಂಗೀತಕಾರ ವಾಗ್ನರ್ ಈ ಖಾಲಿ ಜಾಗಗಳನ್ನು ತುಂಬಿಸಿದ, ಆಮೇಲೆ ಆರ್ಕೆಸ್ಟ್ರಾ ನಡೆಸುವ ಎಷ್ಟೋ ಕಂಡಕ್ಟರ್‌ಗಳು ಅದನ್ನೇ ಅನುಸರಿಸಿದರು. ನಿನ್ನೆ ನಾನು ಕೇಳಿದ ಆರ್ಕೆಸ್ಟ್ರಾದವರು ತುಂಬಿಸಿರಲಿಲ್ಲ. ಅದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೇಳಬೇಕಾದ್ದು ಹೇಳಲಾಗದೆ ಒದ್ದಾಡುವ ಸದ್ದು ಅದು, ಆ ಜಾಗಕ್ಕೆ ಬೇಕಾದ್ದೂ ಅದೇ. ಸ್ವಲ್ಪ ಹೊತ್ತಿನ ಹಿಂದೆ ಹೈಡನ್‌ನ ಆ ರಿ ಕೇಳಿರದಿದ್ದರೆ ನನಗಿದು ಹೊಳೆಯುತ್ತಲೇ ಇರಲಿಲ್ಲ.

ಕ್ಯಾಮೆರಾ ಮಧ್ಯೆ ಮಧ್ಯೆ ಕೋರಸ್‌ನವರ ಕಡೆ ತಿರುಗುತ್ತಿತ್ತು. ಹತ್ತಿರ ಹತ್ತಿರ ಮುಕ್ಕಾಲು ಗಂಟೆ ಅವರು ಬಾಯಿ ಬಿಡದೆ ಕೂತಿರುತ್ತಾರೆ. ನಾಲ್ಕು ನಿಮಿಷದ ತುಣುಕು ಕತ್ತರಿಸಿ ಹಂಚುವವರು ಕಳೆದುಬಿಡುವುದು ಈ ಕಾಯುವಿಕೆಯನ್ನೇ, ಅದು ನನಗೆ ನಿಜಕ್ಕೂ ಸಂಕಟ.

ಕೊನೆಗೆ ತಗ್ಗು ಸ್ವರದ ತಂತಿವಾದ್ಯಗಳಾದ ಚೆಲ್ಲೋ, ಬಾಸ್‌ಗಳು, ಕೋರಸ್ ಮುಂದೆ ಹಾಡಲಿರುವ ಧಾಟಿಯನ್ನೇ ಪಿಸುಗುಟ್ಟಿದ ಹಾಗೆ ಶುರು ಮಾಡಿದವು: ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ. ಜೊತೆಗೆ ಬೇರೆ ಯಾವ ವಾದ್ಯವೂ ಇಲ್ಲ. ಪಕ್ಕದ ಸ್ವರದಿಂದ ಪಕ್ಕದ ಸ್ವರಕ್ಕೆ ಕಾಲಿಡುವ ನಡಿಗೆ. ಕೋರಸ್‌ನ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು, ತೊಡೆಯ ಮೇಲೆ ಮುಚ್ಚಿದ ಫೈಲು. ಅವರ ಸರದಿಗೆ ಇನ್ನೂ ಹೊತ್ತಿತ್ತು. ತುಟಿ ಮಾತ್ರ ಆಗಲೇ ಅಲುಗಾಡುತ್ತಿತ್ತು.