ದಾವಣಗೆರೆಗೆ ಬೇಸಿಗೆ ಶಿಬಿರ ಸಾಲದು, ಊರಲ್ಲೇ ಇರುವ ಕೋಚ್ ಬೇಕು

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದಾಗ ತಂಡದ ಕೋಚ್ ಅಮೋಲ್ ಮುಜುಮ್ದಾರ್. ಮೊದಲ ರಣಜಿ ಪಂದ್ಯದಲ್ಲೇ ಹರಿಯಾಣದ ವಿರುದ್ಧ 260 ಹೊಡೆದವರು, ಪ್ರಥಮ ದರ್ಜೆಯಲ್ಲಿ 11 ಸಾವಿರಕ್ಕೂ ಹೆಚ್ಚು ರನ್ ಗಳಿಸಿದವರು, ಭಾರತಕ್ಕೆ ಒಂದು ಪಂದ್ಯವನ್ನೂ ಆಡದವರು. ಮುಂಬೈಯವರು ಇದನ್ನು ಹಣೆಬರಹದ ಕತೆ ಮಾಡಿ ಹೇಳುತ್ತಾರೆ. ಮುಂಬೈಯಲ್ಲಿ ನೆಲೆಸಿರುವ ದಾವಣಗೆರೆಯವನಾದ ನನಗೆ ಕಾಣುವುದೇ ಬೇರೆ. ಇಪ್ಪತ್ತು ವರ್ಷ ದೇಶೀಯ ಕ್ರಿಕೆಟ್‌ನಲ್ಲಿ ಬೆಂದವರ ತಿಳಿವಳಿಕೆ ಮುಂಬೈಯ ಹುಡುಗರಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿದೆ.

ಆಜಾದ್ ಮೈದಾನವನ್ನೋ ಶಿವಾಜಿ ಪಾರ್ಕನ್ನೋ ನೋಡಿ. ರಣಜಿ ಆಡಿದವರು ಅದೇ ಕ್ಲಬ್ಬಿನ ನೆಟ್ಸ್‌ಗೆ ಬರುತ್ತಾರೆ. 1948ರಿಂದ ನಡೆಯುತ್ತಿರುವ, ಮುಂಬೈ ಕ್ಲಬ್ಬುಗಳ ಕಾಂಗಾ ಲೀಗ್ ಮಳೆಗಾಲದ ಆಟ: ಪಿಚ್ ಮುಚ್ಚುವುದಿಲ್ಲ, ಹುಲ್ಲು ಎತ್ತರ, ನೆಲದ ಮೇಲೆ ಹೊಡೆದ ಬಾಲ್ ಬೌಂಡರಿ ಮುಟ್ಟುವುದಿಲ್ಲ. ಹದಿನಾರರ ಹುಡುಗ ಅನುಭವಿಗಳ ಜೊತೆ ನಿಂತು, ಒದ್ದೆ ಪಿಚ್ಚಿನಲ್ಲಿ ಬಾಲನ್ನು ಎಷ್ಟು ತಡವಾಗಿ ಆಡಬೇಕೆಂದು ಕೇಳಿ ಕಲಿಯುತ್ತಾನೆ.

ನಮ್ಮ ದಾವಣಗೆರೆಯಲ್ಲಿ ಹುಡುಗ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್‌ನಿಂದ ಶುರು ಮಾಡುತ್ತಾನೆ. ಅದು 60 ಗ್ರಾಂ ಕೂಡ ತೂಗದು. ಲೆದರ್ ಬಾಲ್ 156ರಿಂದ 163 ಗ್ರಾಂ. ಟೆನಿಸ್ ಬಾಲ್‌ನಲ್ಲಿ ಕೆಳಗೈ ಬಲದಿಂದ ಅಡ್ಡ ಬೀಸಿದರೂ ಸಿಕ್ಸರ್ ಹೋಗುತ್ತದೆ, ಆ ಅಭ್ಯಾಸ ಬಿಡಿಸುವುದಕ್ಕೇ ಒಂದು ಸೀಸನ್ ಬೇಕು. ಆಮೇಲೆ ಪಿಚ್ ಮೇಲೆ ಹಾಸಿ ಗೂಟ ಹೊಡೆಯುವ ಮ್ಯಾಟ್. ಬಿಗಿಯಾಗಿ ಎಳೆದ ಮ್ಯಾಟ್ ಮೇಲೆ ಬಾಲ್ ಒಂದೇ ಸಮನೆ ಎತ್ತರಕ್ಕೆ ಪುಟಿಯುವುದರಿಂದ ಹುಡುಗ ಹಿಂಗಾಲಿನಲ್ಲಿ ಕಟ್, ಪುಲ್ ಚೆನ್ನಾಗಿ ಆಡುತ್ತಾನೆ. ಟರ್ಫ್‌ನಲ್ಲಿ, ಅಂದರೆ ಮಣ್ಣು–ಹುಲ್ಲಿನ ಪಿಚ್ಚಿನಲ್ಲಿ, ಅದೇ ಲೆಂತ್‌ನ ಬಾಲ್ ಮೊಣಕಾಲಿಗಿಂತ ಮೇಲೇಳದೆ ಎಲ್‌ಬಿಡಬ್ಲ್ಯು ಆಗುತ್ತಾನೆ. ಗೂಟ ಸಡಿಲವಾಗಿ ಮ್ಯಾಟ್ ಮಡಿಕೆ ಬಿದ್ದರಂತೂ ಮುಂಗಾಲಿಡುವ ಧೈರ್ಯವೇ ಹೋಗುತ್ತದೆ. ಬೌಲರ್‌ನ ಪಾಡೂ ಇಷ್ಟೇ: ರಬ್ಬರ್ ಶೂನಲ್ಲಿ ಕಲಿತವನು ಟ್ರಯಲ್ಸ್ ದಿನ ಸ್ಪೈಕ್ಸ್ ಹಾಕಿದರೆ ಹೆಜ್ಜೆ ತಪ್ಪಿ ನೋಬಾಲ್ ಎಸೆಯುತ್ತಾನೆ. ಆಯ್ಕೆಗಾರರು ನೋಡುವುದೇ ಆ ಎರಡು ಮೂರು ಓವರ್.

ಇದಕ್ಕೆಲ್ಲ ಏಪ್ರಿಲ್‌–ಮೇ ಶಿಬಿರ ಮದ್ದಲ್ಲ. ಒಂದು ನೆಟ್‌ಗೆ ಮೂವತ್ತು ಮಕ್ಕಳಿದ್ದರೆ ಎರಡು ಗಂಟೆಯಲ್ಲಿ ಒಬ್ಬನ ಪಾಲಿಗೆ ಬ್ಯಾಟಿಂಗ್ ನಾಲ್ಕೇ ನಿಮಿಷ.

ವೇಗದ ಬೌಲರ್ ವಿನಯ್ ಕುಮಾರ್ ನಮ್ಮೂರವರು. 2013–14, 2014–15ರಲ್ಲಿ ಕರ್ನಾಟಕಕ್ಕೆ ಸತತ ಎರಡು ರಣಜಿ ಗೆದ್ದುಕೊಟ್ಟ ನಾಯಕ. ಎರಡನೆಯದು ಗೆದ್ದದ್ದು ಮುಂಬೈಯ ಇದೇ ವಾಂಖೆಡೆಯಲ್ಲಿ. ಆ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಅವರು ಶತಕ ಹೊಡೆದು ಐದು ವಿಕೆಟ್ ಕೂಡ ತೆಗೆದರು. ಆಗ ಕೋಚ್ ಆಗಿದ್ದ ಜೆ. ಅರುಣ್ ಕುಮಾರ್ ಕೂಡ ಭಾರತಕ್ಕೆ ಆಡದ ದೇಶೀಯ ಆಟಗಾರರೇ. ರೈಲ್ವೇಸ್‌ಗೆ ವರ್ಷಗಟ್ಟಲೆ ಆಡಿದ ಯರೇಗೌಡರೂ ಮುಂದೆ ಕರ್ನಾಟಕದ ಕೋಚ್ ಆದರು. ಅಂದರೆ ರಾಜ್ಯಕ್ಕೆ ಇಂಥವರ ಬೆಲೆ ಗೊತ್ತಿದೆ. ಆದರೆ ಆ ಬೆಲೆ ಬೆಂಗಳೂರು ದಾಟಿ ಜಿಲ್ಲೆಗೆ ಬರುತ್ತಿಲ್ಲ ಎಂಬುದೇ ನನ್ನ ಸಂಕಟ. ವಿನಯ್ ಅವರದ್ದು ಹೆದರಿಸುವ ವೇಗವಲ್ಲ. ಸೀಮ್ (ಬಾಲಿನ ಹೊಲಿಗೆ) ನೆಟ್ಟಗಿಟ್ಟು, ಒಂದೇ ಜಾಗಕ್ಕೆ ದಿನವಿಡೀ ಹಾಕುವ ತಾಳ್ಮೆ. ನಲವತ್ತನೇ ಓವರ್‌ನಲ್ಲಿ ಹಳೇ ಬಾಲ್‌ನ ಒಂದೇ ಬದಿ ಹೊಳಪು ಉಳಿಸುವುದು, ಹೊಸ ಬಾಲ್ ಸಿಗುವ 80ನೇ ಓವರ್‌ವರೆಗೆ ರನ್ ಬಿಗಿಹಿಡಿಯುವುದು, ಇವನ್ನು ನಾಲ್ಕು ದಿನದ ಪಂದ್ಯ ಆಡಿದವರಷ್ಟು ಚೆನ್ನಾಗಿ ಯಾರೂ ಕಲಿಸಲಾರರು. ಹದಿನಾರರೊಳಗಿನ ವೇಗಿಗೆ ಒಂದು ಸ್ಪೆಲ್‌ಗೆ 5–6 ಓವರ್ ಸಾಕು, ಮೀರಿದರೆ ಕೆಳಬೆನ್ನಿನ ಮೂಳೆ ಬಿರುಕು ಬಿಡಬಹುದು ಎಂದು ತಡೆಯುವವರೂ ಅಂಥವರೇ ಆಗಬೇಕು.

ಸಂಬಳಕ್ಕೆ ಎಲ್ಲಿಂದ ತರುವುದು ಎನ್ನುವವರಿದ್ದಾರೆ. ಟೆನಿಸ್ ಬಾಲ್ ಟೂರ್ನಮೆಂಟಿನ ಬಹುಮಾನಕ್ಕೆ ದಾನಿಗಳು ಸಿಗುವ ಊರಿನಲ್ಲಿ ಒಬ್ಬ ಕೋಚ್‌ಗೆ ಬಾಡಿಗೆ ಮನೆ, ತಿಂಗಳ ಸಂಬಳ ಹೊಂದಿಸುವುದು ಆಗದ ಮಾತಲ್ಲ. ಜುಲೈಯಿಂದ ಮಾರ್ಚ್‌ವರೆಗೆ ಅವರು ದಾವಣಗೆರೆಯಲ್ಲೇ ಇರಲಿ. ಜೊತೆಗೆ ಅಭ್ಯಾಸಕ್ಕೇ ಮೀಸಲಾದ ಎರಡು ಟರ್ಫ್ ಪಿಚ್, ನೀರು, ರೋಲರ್, ಅದನ್ನು ನೋಡಿಕೊಳ್ಳುವ ಒಬ್ಬ ಖಾಯಂ ಆಳು ಬೇಕು. ನಮ್ಮ ಜಿಲ್ಲೆ ಸೇರಿರುವ, ರಾಜ್ಯ ಕ್ರಿಕೆಟ್ ಸಂಸ್ಥೆಯ ತುಮಕೂರು ವಲಯದ ಆಯ್ಕೆಗೆ ಹೋಗುವ ಪ್ರತಿ ಹುಡುಗ, ಹುಡುಗಿ ಅದಕ್ಕೆ ಮೊದಲು ಎಂಟು ವಾರವಾದರೂ ಸ್ಪೈಕ್ಸ್ ಹಾಕಿ ಟರ್ಫ್ ಮೇಲೆ ಆಡಿರಬೇಕು.