ಲಾಕ್ ಫೈಲ್ ಆಫ್ ಮಾಡಿ ಅನ್ನುವ ಸಲಹೆಗೆ ನನ್ನ ಒಪ್ಪಿಗೆಯಿಲ್ಲ

ಈಮ್ಯಾಕ್ಸ್ ಅನ್ನುವ ಎಡಿಟರಿನಲ್ಲಿ ಕೋಡ್ ಬರೆಯುವವರು ಯಾರಾದರೂ "ಡೆವ್ ಸರ್ವರ್ (ಬರೆಯುತ್ತಿರುವ ಕೋಡನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸಿ ತೋರಿಸುವ ಪ್ರೋಗ್ರಾಂ) ಸುಮ್‌ಸುಮ್ನೆ ಬಿದ್ದುಹೋಗ್ತಿದೆ" ಅಂದರೆ ಸಾಕು, "ಲಾಕ್ ಫೈಲ್ ಆಫ್ ಮಾಡ್ಕೊಳ್ಳಿ" ಅಂತ ಉತ್ತರ ಬರುತ್ತದೆ. ಲಾಕ್ ಫೈಲ್ ಅಂದರೆ "ಈ ಫೈಲನ್ನು ಒಬ್ಬರು ತಿದ್ದುತ್ತಿದ್ದಾರೆ" ಅಂತ ಈಮ್ಯಾಕ್ಸ್ ಇಡುವ ಗುರುತು. ಆಫ್ ಮಾಡಿದರೆ ಸರ್ವರ್ ಬೀಳುವುದು ತಪ್ಪುತ್ತದೆ, ನಿಜ. ಆದರೆ ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ.

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಬಂದು, "ಅಕ್ಕಾ, ಸೇವ್ ಕೂಡ ಮಾಡಿಲ್ಲ. ಒಂದು ಅಕ್ಷರ ಟೈಪ್ ಮಾಡ್ದೆ ಅಷ್ಟೆ, ಸರ್ವರ್ ಬಿದ್ದೋಯ್ತು" ಅಂದಳು. ಅವಳು ಗಮನಿಸಿದ್ದು ಸರಿಯಾಗಿಯೇ ಇತ್ತು. ಆ್ಯಪ್.ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ಮೊದಲ ಅಕ್ಷರ ಬದಲಾದ ಕೂಡಲೇ ಈಮ್ಯಾಕ್ಸ್ ಅದೇ ಫೋಲ್ಡರಿನಲ್ಲಿ .#ಆ್ಯಪ್.ಜೆಎಸ್ ಅಂತ ಒಂದು ಸಿಂಬಾಲಿಕ್ ಲಿಂಕ್ (ಇನ್ನೊಂದು ಫೈಲಿನತ್ತ ಬೆರಳು ತೋರಿಸುವ ಹೆಸರು) ಇಡುತ್ತದೆ. ಲಾಕ್ ಅಂದರೆ ಇದೇ. ಆ ಲಿಂಕಿನ ಆ ತುದಿಯಲ್ಲಿ ಯಾವ ಫೈಲೂ ಇರುವುದಿಲ್ಲ. ತಿದ್ದುತ್ತಿರುವವರ ಹೆಸರು, ಕಂಪ್ಯೂಟರಿನ ಹೆಸರು, ಓಡುತ್ತಿರುವ ಈಮ್ಯಾಕ್ಸಿನ ಪ್ರೋಸೆಸ್ ನಂಬರ್, ಇಂಥ ವಿವರವಷ್ಟೇ. ಸೇವ್ ಮಾಡಿದರೆ ಲಿಂಕ್ ಮಾಯ.

ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೇ ಇದು. ಟವೆಲ್ ಪ್ರಯಾಣಿಕ ಅಲ್ಲ ಅಂತ ಎಲ್ಲರಿಗೂ ಗೊತ್ತು. ಫೈಲ್ ಬದಲಾಯಿತಾ ಅಂತ ಡೆವ್ ಸರ್ವರಿಗಾಗಿ ಫೋಲ್ಡರ್ ಕಾಯುವ ಟೂಲ್‌ಗೆ ಮಾತ್ರ ಗೊತ್ತಿಲ್ಲ. ಹೆಸರಿನ ಕೊನೆಯಲ್ಲಿ ಜೆಎಸ್ ಇದೆ ಅಂತ ಓದಲು ಹೋಗುತ್ತದೆ, ಫೈಲ್ ಸಿಗಲ್ಲ, ಅಲ್ಲೇ ಕುಸಿಯುತ್ತದೆ.

ಚುಕ್ಕಿಯಿಂದ ಶುರುವಾಗುವ ಹೆಸರನ್ನು ಬಿಟ್ಟು ಮುಂದೆ ಹೋಗುವುದು ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಹಳೇ ರೂಢಿ. ಕಮ್ಯಾಂಡ್ ಟೈಪ್ ಮಾಡುವ ಶೆಲ್‌ನಲ್ಲಿ *.ಜೆಎಸ್ (ಜೆಎಸ್‌ನಿಂದ ಮುಗಿಯುವ ಎಲ್ಲ ಫೈಲ್) ಅಂತ ಕೊಟ್ಟರೆ ಈ ಲಾಕ್ ಬರುವುದೇ ಇಲ್ಲ. ಪೈಥಾನ್ ಭಾಷೆಯಲ್ಲಿ ಫೈಲ್ ಹುಡುಕುವ ಗ್ಲಾಬ್ ಕೂಡ ಹಾಗೇ. ಹೆಸರಿನ ಬಾಲ ನೋಡಿ ಫೈಲ್ ಆರಿಸುವ ಟೂಲ್‌ಗಳಲ್ಲೇ ಜಾಸ್ತಿ ತೊಂದರೆ. ಈಮ್ಯಾಕ್ಸ್ ಪಾಲೂ ಇದೆ ಅನ್ನಿ. ವಿಮ್ ಅನ್ನುವ ಇನ್ನೊಂದು ಎಡಿಟರ್ ತಾನು ಇಡುವ ಇಂಥ ಫೈಲಿನ ಹೆಸರಿನ ಕೊನೆಗೆ .ಎಸ್‌ಡಬ್ಲ್ಯುಪಿ ಸೇರಿಸುತ್ತದೆ, ಲಿಬ್ರೆಆಫೀಸ್ ಕೊನೆಯಲ್ಲಿ # ಹಾಕುತ್ತದೆ. ಈಮ್ಯಾಕ್ಸ್ ಮಾತ್ರ ಮೂಲ ಫೈಲಿನ ಬಾಲವನ್ನು ಹಾಗೇ ಬಿಡುತ್ತದೆ.

ಹಾಗಂತ ಲಾಕನ್ನೇ ತೆಗೆಯುವುದೇ? ಒಂದೇ ಸರ್ವರಿನ ಕಾನ್ಫಿಗ್ ಫೈಲನ್ನು ಇಬ್ಬರು ತಿದ್ದುವ ಆಫೀಸುಗಳು ಇವತ್ತಿಗೂ ಇವೆ. ಕೋಡಿನ ಹಳೇ ಆವೃತ್ತಿಗಳನ್ನು ಕಾದಿಡುವ ಗಿಟ್ ಅಲ್ಲಿ ಕಾಪಾಡಲ್ಲ. ಎರಡನೆಯವರು ಟೈಪ್ ಮಾಡಲು ಹೊರಟಾಗ "ಇದು ಇಂಥವರ ಕೈಯಲ್ಲಿದೆ, ಕಿತ್ತುಕೊಳ್ಳಲಾ, ಹಾಗೇ ಮುಂದುವರಿಯಲಾ, ಬಿಡಲಾ" ಅಂತ ಈಮ್ಯಾಕ್ಸ್ ನಿಲ್ಲಿಸಿ ಕೇಳುತ್ತದೆ. ಒಬ್ಬರ ಅರ್ಧ ದಿನದ ಕೆಲಸ ಆ ಒಂದು ಪ್ರಶ್ನೆಯಿಂದ ಉಳಿಯಬಹುದು.

2022ರಲ್ಲಿ ಬಂದ ಈಮ್ಯಾಕ್ಸ್ 28ರಿಂದ ಲಾಕನ್ನು ಬೇರೆ ಫೋಲ್ಡರಿಗೆ ಕಳಿಸಬಹುದು. ಸೆಟ್ಟಿಂಗಿನ ಹೆಸರು ಲಾಕ್-ಫೈಲ್-ನೇಮ್-ಟ್ರಾನ್ಸ್‌ಫಾರ್ಮ್ಸ್. ಸ್ವಂತ ಲ್ಯಾಪ್‌ಟಾಪಿಗೆ ಇದು ಚೆನ್ನ. ಹಂಚಿಕೊಂಡ ಫೋಲ್ಡರಿಗೆ ಬೇಡ. ನಿಮ್ಮ ಲಾಕ್ ನಿಮ್ಮ ಮಷೀನಿನ ಟೆಂಪ್ ಫೋಲ್ಡರಿನಲ್ಲಿ ಕೂತರೆ ಪಕ್ಕದವರಿಗೆ ಹೇಗೆ ಕಾಣಬೇಕು? ಎಲ್ಲರೂ ಒಂದೇ ಜಾಗ ತೋರಿಸಿದರಷ್ಟೇ ಪ್ರಯೋಜನ. ನಾವು ಆ ಹುಡುಗಿಯ ಪ್ರಾಜೆಕ್ಟಿನಲ್ಲಿ ಟೂಲ್‌ನ ಇಗ್ನೋರ್ ಪಟ್ಟಿಗೆ (ನೋಡದೆ ಬಿಡಬೇಕಾದ ಫೈಲುಗಳ ಪಟ್ಟಿ) **/.#* ಅಂತ ಒಂದು ಸಾಲು ಸೇರಿಸಿದೆವು. ಲಾಕ್ ಇದ್ದಲ್ಲೇ ಇದೆ.

ಟೂಲ್ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಈಮ್ಯಾಕ್ಸಿಗಾಗಿ ವಿಶೇಷ ಏರ್ಪಾಡು ಬೇಡ. ಪಟ್ಟಿ ಮಾಡಿದಾಗ ಇದ್ದ ಫೈಲ್ ಓದುವ ಹೊತ್ತಿಗೆ ಇಲ್ಲದಿರಬಹುದು. ಗಿಟ್‌ನಲ್ಲಿ ಬ್ರಾಂಚ್ ಬದಲಿಸಿದರೂ, ಅಂದರೆ ಕೋಡಿನ ಇನ್ನೊಂದು ಕವಲಿಗೆ ಹೋದರೂ, ಹಾಗೆ ಆಗಬಹುದು. ಸಿಗದಿದ್ದರೆ ಒಂದು ಎಚ್ಚರಿಕೆ ಬರೆದು ಮುಂದಿನ ಫೈಲಿಗೆ ಹೋಗಿ, ಇಡೀ ಸರ್ವರ್ ಬೀಳಿಸಬೇಡಿ.