ಚಾವಡಿ ಸುಡುವುದು ಅಹಿಂಸೆಯೇ?

ಆಗಸ್ಟ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಗಳ. ಸ್ವಾತಂತ್ರ್ಯ ಚರಕದಿಂದ ಬಂತೋ, ಬಂದೂಕಿನಿಂದ ಬಂತೋ? ಹಾವೇರಿ ಜಿಲ್ಲೆಯ ನಾವೂ ಎರಡು ಪಾರ್ಟಿ ಮಾಡಿಕೊಂಡು ಕೂಗಾಡುತ್ತೇವೆ. ಹಾಗಾದ್ರೆ ನಮ್ಮ ಮೈಲಾರ ಮಹಾದೇವಪ್ಪ ಯಾವ ಪಾರ್ಟಿ, ಹೇಳ್ರಿ ನೋಡೋಣ.

ಮೋಟೆಬೆನ್ನೂರಿನ ಹುಡುಗ. 1930ರ ಮಾರ್ಚ್ 12ರಂದು ಗಾಂಧೀಜಿ ಜೊತೆ ಸಾಬರಮತಿಯಿಂದ ದಂಡಿಗೆ ಹೊರಟಾಗ ಇನ್ನೂ 18 ವರ್ಷ. ಆ ತಂಡದಲ್ಲಿ ಕರ್ನಾಟಕದವರು ಇವರೊಬ್ಬರೇ. 13 ವರ್ಷ ಆದಮೇಲೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣದ ಮೇಲೆ ದಾಳಿಗೆ ಹೋಗಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿ ರೈಲ್ವೆ ಸ್ಟೇಷನ್ನಿಗೆ ಈಗ ಮಹಾದೇವಪ್ಪನವರದೇ ಹೆಸರು. (ರೈಲ್ವೆ ಆಸ್ತಿಗೆ ಬೆಂಕಿ ಬಿದ್ದ ಚಳವಳಿಯ ನಾಯಕನ ಹೆಸರು ಸ್ಟೇಷನ್ನಿಗೇ ಬಂತು ನೋಡ್ರಿ.)

ಇವರು ಗಾಂಧಿಯನ್ನು ಬಿಟ್ಟುಬಿಟ್ಟರಾ? ನನಗೆ ಹಾಗನ್ನಿಸುವುದಿಲ್ಲ. 1942ರ ಆಗಸ್ಟ್ 9ರ ಬೆಳಗ್ಗೆಯೇ ಗಾಂಧೀಜಿ ಮತ್ತು ಕಾಂಗ್ರೆಸ್ಸಿನ ದೊಡ್ಡವರೆಲ್ಲ ಬಂಧನವಾಗಿದ್ದರು. ‘ಮಾಡು ಇಲ್ಲವೇ ಮಡಿ’ ಎಂಬ ಮಾತು ಊರೂರಿಗೆ ಬಂತು, ಏನು ಮಾಡಬೇಕು ಅನ್ನೋದು ಬರಲಿಲ್ಲ. ಚಲೇಜಾವ್ (ಭಾರತ ಬಿಟ್ಟು ತೊಲಗಿ) ಚಳವಳಿಯ ನಮ್ಮ ಕಡೆಯ ಹುಡುಗರು ತಾವೇ ಒಂದು ಗೆರೆ ಹಾಕಿಕೊಂಡರು. ಚಾವಡಿಯ, ಅಂದ್ರೆ ಊರಿನ ಸರ್ಕಾರಿ ಕಚೇರಿಯ, ದಫ್ತರ ಸುಡಬಹುದು, ತಂತಿ ಕಡಿಯಬಹುದು. ಜೀವಕ್ಕೆ ಕೈ ಹಚ್ಚಬಾರದು.

ಈ ಗೆರೆ ಸುಮ್ನೆ ಒಳ್ಳೆಯತನಕ್ಕೆ ಹಾಕಿದ್ದಲ್ಲ. ಸರ್ಕಾರದ ಕೆಲಸ ನೋಡುತ್ತಿದ್ದ ಊರ ಪಾಟೀಲ, ಕುಲಕರ್ಣಿ, ಎಷ್ಟೋ ಕಡೆ ಪೊಲೀಸಪ್ಪ ಕೂಡ, ಇಲ್ಲಿಯವರೇ. ಅವರಲ್ಲೊಬ್ಬನನ್ನು ಕೊಂದರೆ ಊರು ಎರಡಾಗುತ್ತಿತ್ತು, ಬ್ರಿಟಿಷರ ಮೇಲಿನ ಸಿಟ್ಟು ಊರ ಒಳಗಿನ ಹಗೆಯಾಗುತ್ತಿತ್ತು. 1922ರಲ್ಲಿ ಚೌರಿಚೌರಾದಲ್ಲಿ 22 ಪೊಲೀಸರು ಸತ್ತಾಗ ಗಾಂಧೀಜಿ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದು ನೆನಪಿರಬಹುದು. ಆಗ ಜೈಲಿನಲ್ಲಿದ್ದ ನೆಹರೂ ಅಂಥವರಿಗೇ ಅದು ಹಿಡಿಸಿರಲಿಲ್ಲ.

ಆದರೆ ಗಾಂಧೀಜಿಗೆ ಈ ‘ಆಸ್ತಿ ಸುಡಬಹುದು’ ಅನ್ನುವ ಲೆಕ್ಕವೂ ಒಪ್ಪಿಗೆ ಇರಲಿಲ್ಲ. 1944ರಲ್ಲಿ ಬಿಡುಗಡೆಯಾದ ಮೇಲೆ ಭೂಗತರಾಗಿದ್ದವರಿಗೆ ಹೊರಗೆ ಬನ್ನಿ ಎಂದರು. ಅವರ ದೊಡ್ಡ ತಕರಾರು ಗುಟ್ಟಿನ ಬಗ್ಗೆ. ಇಲ್ಲಿ ನಾನು ಗಾಂಧೀಜಿ ಕಡೆ. ಸತ್ಯಾಗ್ರಹಿ ಹಾಡಹಗಲೇ ಕಾನೂನು ಮುರಿಯುತ್ತಾನೆ, ಹೆಸರು ಹೇಳುತ್ತಾನೆ, ಶಿಕ್ಷೆ ತಾನೇ ತಿನ್ನುತ್ತಾನೆ. ರಾತ್ರಿ ಚಾವಡಿಗೆ ಬೆಂಕಿ ಹಚ್ಚಿದವನು ಅಡವಿ ಸೇರಿದರೆ ಮಾರನೇ ದಿನ ಲಾಠಿ ಬೀಳುವುದು ಊರಲ್ಲಿ ಉಳಿದವರ ಮೇಲೆ. ಸರ್ಕಾರ ಆಗ ಊರಿಗೆ ಊರೇ ಸಾಮೂಹಿಕ ದಂಡ ಹಾಕಿದ್ದೂ ಉಂಟು. ಯಾರ ಜೀವವನ್ನೂ ತೆಗೆಯಲಿಲ್ಲ ಅನ್ನೋದು ನಿಜ. ಆದರೆ ನೋವು ಯಾರ ಪಾಲಿಗೆ ಬಂತು ಅಂತಾನೂ ಕೇಳಬೇಕಲ್ವಾ?

ಹಾಗಂತ ಮಹಾದೇವಪ್ಪನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಖಾದಿ, ಗ್ರಾಮಸೇವೆ ಅಂತ ದುಡಿದವರು ಅವರು. ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು. ಕೊನೆಗೆ ಬೇರೆಯವರ ಪ್ರಾಣ ತೆಗೆಯದೆ ತಮ್ಮ ಪ್ರಾಣವನ್ನೇ ಕೊಟ್ಟರು. ಅವರ ದಾರಿ ಪೂರ್ತಿ ಅಹಿಂಸೆ ಅಲ್ಲ ಅಂತ ಹೇಳುವ ಧೈರ್ಯ ನನಗಿದೆ. ಅವರು ಗಾಂಧಿಯ ಶಿಷ್ಯರೇ ಅಲ್ಲ ಅನ್ನುವವರ ಮಾತು ಮಾತ್ರ ಒಪ್ಪಲಾರೆ.

ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಅತಿ ಗಟ್ಟಿ ಅಹಿಂಸೆ ಹೊಸರಿತ್ತಿಯದಲ್ಲ, ಹಿರೇಕೆರೂರಿನದು. ಕರನಿರಾಕರಣೆಯ ಕಾಲದಲ್ಲಿ ಅಂಕೋಲಾ, ಸಿದ್ದಾಪುರದ ಜೊತೆ ಹಿರೇಕೆರೂರಿನ ರೈತರೂ ಕಂದಾಯ ಕಟ್ಟುವುದಿಲ್ಲ ಎಂದು ಕೂತರು. ಅಂಥ ಹಟಕ್ಕೆ ಸರ್ಕಾರದ ಉತ್ತರ ಜಪ್ತಿ ಮತ್ತು ಲಿಲಾವು. ಗುಂಡಿಗೆ ಎದೆ ಕೊಡುವುದು ಒಂದು ಗಳಿಗೆಯ ಧೈರ್ಯ. ಹೊಲ ಹೋಗುತ್ತದೆ ಅಂತ ಗೊತ್ತಿದ್ದೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ‘ಇಲ್ಲ’ ಎನ್ನುವುದು ಅದಕ್ಕಿಂತ ಕಷ್ಟ. ಇದರಲ್ಲಿ ಬೆಂಕಿ ಇಲ್ಲ, ಬಂದೂಕಿಲ್ಲ, ಹಾಗಾಗಿ ಭಾಷಣಕ್ಕೆ ಬರುವುದಿಲ್ಲ. ಈ ಸಲ ಆಗಸ್ಟ್ 15ರ ಭಾಷಣ ಬರೆಯುವ ಮೇಷ್ಟ್ರುಗಳು ಆ ರೈತರಿಗೂ ಎರಡು ಸಾಲು ಕೊಡಲಿ.